ಹನ್ನೆರಡು ಹೆಸರು, ಹನ್ನೊಂದು ಜಾಗ

ಮದುವೆ ಮನೆ. ಮೊದಲ ಪಂಕ್ತಿ ಕೈತಪ್ಪಿತ್ತು. ಎರಡನೆಯದಕ್ಕೆ ಇನ್ನೂ ಮುಕ್ಕಾಲು ಗಂಟೆ ಎಂದರು. ಹಸಿವು ಮರೆಯಲು ಮೇಷ್ಟ್ರು ಉಪಾಯ ಹೇಳಿದರು: ಕರ್ನಾಟಕದ ಸಾರ್ವಕಾಲಿಕ ಟೆಸ್ಟ್ ತಂಡ ಕಟ್ಟೋಣ. ಮುಯ್ಯಿ ಬರೆಯುವವರ ಹತ್ತಿರ ಪೆನ್ನು ಕೇಳಿ ತಂದೆ. ಲಗ್ನಪತ್ರಿಕೆಯ ಹಿಂಭಾಗ ಖಾಲಿ ಇತ್ತು.

“ಮೊದಲು ಹನ್ನೊಂದನೇ ಹೆಸರು ಬರಿ. ಚಂದ್ರಶೇಖರ್.”

“ಯಾರಾದರೂ ಬಾಲದಿಂದ ತಂಡ ಕಟ್ಟುತ್ತಾರಾ?” ಎಂದ ಗೆಳೆಯ ಗಡ್ಡ.

“ಅಲ್ಲಿ ಜಗಳ ಇಲ್ಲ ಕಣೋ. 58 ಟೆಸ್ಟ್, 242 ವಿಕೆಟ್, 167 ರನ್. ಅವರಿಗೆ ಇನ್ನೆಲ್ಲಿ ಜಾಗ ಕೊಡ್ತೀಯ?”

ಪ್ರಸನ್ನ, ಶ್ರೀನಾಥ್, ಕುಂಬ್ಳೆ ಸರಸರ ಬಂದು ಕೂತರು. ಕುಂಬ್ಳೆಯ 619 ವಿಕೆಟ್ ಮುಂದೆ ಯಾರು ಬಾಯಿ ಬಿಡುತ್ತಾರೆ? ಗಡ್ಡ ಮಾತ್ರ 1996ರ ಟೈಟನ್ ಕಪ್‌ಗೆ ಹೋಗಿಬಿಟ್ಟ. ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಎದುರು ಎಂಟು ವಿಕೆಟ್ ಬಿದ್ದ ಮೇಲೆ ಕುಂಬ್ಳೆ, ಶ್ರೀನಾಥ್ ಇಬ್ಬರೇ ಗೆಲ್ಲಿಸಿದ್ದು. ಆ ದಿನ ಇವನು ಸ್ಟೇಡಿಯಮ್ಮಿನಲ್ಲೇ ಇದ್ದನಂತೆ. ಹೀಗೆ ಹೇಳಿದವರನ್ನೆಲ್ಲ ನಾನು ಎಣಿಸಿದ್ದರೆ ಇಷ್ಟು ಹೊತ್ತಿಗೆ ಎರಡು ಲಕ್ಷ ದಾಟುತ್ತಿತ್ತು.

ನಾಲ್ಕನೇ ಜಾಗ ವಿಶಿಗೆ, ಅಂದರೆ ಜಿ.ಆರ್. ವಿಶ್ವನಾಥ್‌ಗೆ. ಮೇಷ್ಟ್ರ ದನಿಯೇ ಬದಲಾಯಿತು. “ಬಾಂಬೆ ಸತತ 15 ವರ್ಷ ರಣಜಿ ಗೆದ್ದಿತ್ತು. 1974ರಲ್ಲಿ ನಮ್ಮೂರಲ್ಲೇ ಸೆಮಿಫೈನಲ್. ಗಾವಸ್ಕರ್‌ನ ಪ್ರಸನ್ನ ಬೌಲ್ಡ್ ಮಾಡಿದ್ದು ಆಗಲೇ. ವಿಶಿ 162! ಆ ಸ್ಕ್ವೇರ್ ಕಟ್ ಇದೆಯಲ್ಲಾ...” ಎನ್ನುತ್ತಾ ಗಂಡಿನ ಕಡೆಯವರ ಛತ್ರಿ ಎತ್ತಿಕೊಂಡು ತೋರಿಸಿಯೇ ಬಿಟ್ಟರು. ಪನ್ನೀರುದಾನಿ ಉರುಳಿ ಕವರ್ ಪಾಯಿಂಟಿಗೆ ಹೋಯಿತು.

ಕೀಪರ್ ಹತ್ತಿರ ಜಗಳ ಶುರುವಾಯಿತು.

“ಕೆ.ಎಲ್. ರಾಹುಲ್ ಮಾಡಲಿ. ಒಬ್ಬ ಬ್ಯಾಟ್ಸ್‌ಮನ್ ಜಾಸ್ತಿ ಸಿಗ್ತಾನೆ,” ಎಂದ ಗಡ್ಡ.

“ಒಂದು ಕಡೆ ಪ್ರಸನ್ನ, ಇನ್ನೊಂದು ಕಡೆ ಚಂದ್ರ. ಹಿಂದೆ ಕಿರ್ಮಾನಿ ಇಲ್ಲದಿದ್ದರೆ ಬೈ ರನ್ ನಿಮ್ಮಪ್ಪ ತಡೀತಾನಾ?”

“ಸರಿ, ದ್ರಾವಿಡ್ ಮಾಡಲಿ. 2003ರ ವಿಶ್ವಕಪ್ಪಿನಲ್ಲಿ ಮಾಡಲಿಲ್ವಾ?”

“ಹಾಗಾದ್ರೆ ಓಪನಿಂಗೂ ಅವನೇ ಮಾಡಲಿ ಬಿಡು,” ಎಂದೆ ಸುಮ್ನೆ.

“ಮಾಡಲಿ! 2006ರಲ್ಲಿ ಲಾಹೋರಿನಲ್ಲಿ ಸೆಹ್ವಾಗ್ ಜೊತೆ 410 ಸೇರಿಸಲಿಲ್ವಾ?”

ಮನೆಯ ಹಿರಿಮಗನ ಪಾಡು ನೋಡಿ. ಇಲ್ಲ ಅನ್ನೋದಿಲ್ಲ, ಅದಕ್ಕೇ ಎಲ್ಲಾ ಕೆಲಸವೂ ಅವನ ತಲೆಗೇ. ಕೊನೆಗೆ ಮೇಷ್ಟ್ರು ಹಟ ಮಾಡಿ ಕಿರ್ಮಾನಿಯನ್ನೇ ಉಳಿಸಿದರು. ದ್ರಾವಿಡ್ ಮೂರಕ್ಕೆ ಮರಳಿದ.

ಆಮೇಲೆ ರಾಹುಲ್, ಮಯಾಂಕ್. ತ್ರಿಶತಕ ಹೊಡೆದ ಕರುಣ್ ನಾಯರ್‌ನ ಬಿಡೋಕಾಗಲ್ಲ. ಬ್ರಿಜೇಶ್ ಪಟೇಲ್‌ಗೆ ಮೇಷ್ಟ್ರ ಓಟು. ರೋಜರ್ ಬಿನ್ನಿ 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್ ತೆಗೆದವರು. “ಅದು ಒನ್‌ಡೇ, ಇದು ಟೆಸ್ಟ್ ತಂಡ,” ಎಂದೆ. ಇಬ್ಬರೂ ನನ್ನನ್ನು ಪಾಕಿಸ್ತಾನದವನ ಹಾಗೆ ನೋಡಿದರು. ಬರೆದೆ.

ಎಣಿಸಿದರೆ ಹನ್ನೆರಡು.

ಯಾರನ್ನು ತೆಗೆಯೋದು? ಮೇಷ್ಟ್ರು ಪೆನ್ನು ಹಿಡಿದು ಒಂದೊಂದೇ ಹೆಸರಿನ ಮೇಲೆ ನಿಲ್ಲಿಸಿದರು. ಯಾವ ಹೆಸರಿಗೂ ಗೀಟು ಬೀಳಲಿಲ್ಲ.

“ದ್ರಾವಿಡ್‌ನ ಒಂದು ಮಾತು ಕೇಳೋಣ,” ಎಂದ ಗಡ್ಡ. “ಬೇಜಾರು ಮಾಡ್ಕೊಳಲ್ಲ. ನೀರು ಹೊರು ಅಂದರೂ ಹೊರ್ತಾನೆ.”

ಅಷ್ಟರಲ್ಲಿ ಊಟಕ್ಕೆ ಏಳಿ ಎಂದು ಕೂಗು ಬಿತ್ತು. ಓಡಿದೆವು. ಒಳಗೆ ಖಾಲಿ ಇದ್ದದ್ದು ಎರಡೇ ಎಲೆ. ಮೇಷ್ಟ್ರು ಕೂತರು, ಗಡ್ಡ ಕೂತ. ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

“ದ್ರಾವಿಡ್, ಆ ನೀರಿನ ಜಗ್ ಸ್ವಲ್ಪ ತಗೊಂಡು ಬಾಪ್ಪಾ.”