ಪದಚರ್ಚೆ: ಗಾಲ್ಫ್‌ನ ‘ಹಿಪ್’ ಸೊಂಟವೇ, ಚಪ್ಪೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಗಾಲ್ಫ್ ಕಲಿಯುವ ಹುಡುಗರಿಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಗಾಲ್ಫ್‌ಗೆ ಕನ್ನಡ ಯಾಕೆ ಅನ್ನಬೇಡಿ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿ, ಅಂದರೆ ಆಟಗಾರರ ಕೋಲುಗಳ ಚೀಲ ಹೊರುವ ಹುಡುಗನಾಗಿ, ಈ ಆಟಕ್ಕೆ ಬಂದವರು. ನನ್ನ ಪುಟಗಳು ಅಂಥ ಹುಡುಗರಿಗೆ.

ಮೊದಲ ಸಾಲಿನಲ್ಲೇ ತೊಡಕು. ಇಂಗ್ಲಿಷಿನ ‘ಹಿಪ್’ಗೆ ಸೊಂಟ ಎಂದು ಹಾಕಿ, ‘ಕ್ಲಬ್ ಕೆಳಗೆ ಬರುವ ಮುಂಚೆ ಸೊಂಟ ತಿರುಗಬೇಕು’ ಎಂದು ಬರೆದು ಭಾವನಿಗೆ ಓದಿ ಹೇಳಿದೆ (ಕ್ಲಬ್ ಅಂದರೆ ಚೆಂಡು ಹೊಡೆಯುವ ಕೋಲು). ಅವರು ಎದ್ದು ನಿಂತು ಮಾಡಿ ತೋರಿಸಿದರು. ಕಾಲು, ತೊಡೆ ಎಲ್ಲ ಕಂಬದ ಹಾಗೆ ನಿಂತಿದ್ದವು. ಹೊಟ್ಟೆಯಿಂದ ಮೇಲೆ ಮಾತ್ರ ತಿರುಗಿತು. ಅವರು ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು, ನಾನು ಹಾಕಿದ ಪದವೇ ಸಡಿಲ.

ಸೊಂಟ ಅಂದರೆ ಎಲ್ಲಿ? ಡಾಬು ಕಟ್ಟುವುದು ಸೊಂಟಕ್ಕೆ. ನೀರಿನ ಕೊಡ ಇಟ್ಟುಕೊಳ್ಳುವುದೂ ಸೊಂಟದ ಮೇಲೆ, ಆದರೆ ಅದು ಕೂರುವುದು ಡಾಬಿಗಿಂತ ನಾಲ್ಕು ಬೆರಳು ಕೆಳಗಿನ ಎಲುಬಿನ ಮೇಲೆ. ಇನ್ನು ‘ಸೊಂಟ ಹಿಡ್ಕೊಂಡಿದೆ’ ಅಂದಾಗ ಕೈ ಹೋಗುವುದು ಬೆನ್ನಿನ ಬುಡಕ್ಕೆ. ಒಂದು ಪದ, ಮೂರು ಜಾಗ. ದಿನದ ಮಾತಿನಲ್ಲಿ ಇದರಿಂದ ಯಾರಿಗೂ ಏನೂ ಆಗಿಲ್ಲ.

ಗಾಲ್ಫ್‌ನಲ್ಲಿ ಆಗುತ್ತದೆ. ಕ್ಲಬ್ಬನ್ನು ಹಿಂದಕ್ಕೆ ಎತ್ತಿದಾಗ ಭುಜ ಸುಮಾರು 90 ಡಿಗ್ರಿ, ಹಿಪ್ ಅದರ ಅರ್ಧದಷ್ಟು, 45 ಡಿಗ್ರಿ ತಿರುಗಲಿ ಎಂದು ಸಾಮಾನ್ಯವಾಗಿ ಕಲಿಸುತ್ತಾರೆ. ಈ ಎರಡರ ನಡುವಿನ ಅಂತರದಲ್ಲಿ ಮೈ ಹಗ್ಗದ ಹಾಗೆ ಹುರಿಗೊಳ್ಳುತ್ತದೆ. ಕೆಳಗೆ ಬರುವಾಗ ಮೊದಲು ಹೊರಡುವುದು ಹಿಪ್. ಅದರ ಹಿಂದೆ ಎದೆ, ಆಮೇಲೆ ತೋಳು, ಕಡೆಗೆ ಕ್ಲಬ್. ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಬೆನ್ ಹೋಗನ್ 1950ರ ದಶಕದಲ್ಲೇ ಇದನ್ನು ಒತ್ತಿ ಹೇಳಿದ್ದರು. ಒಳ್ಳೆಯ ಆಟಗಾರರನ್ನು ನೋಡಿ: ಕ್ಲಬ್ ಚೆಂಡಿಗೆ ತಾಗುವ ಹೊತ್ತಿಗೆ ಬೆಲ್ಟಿನ ಬಕಲ್ ಆಗಲೇ ಗುರಿಯ ಕಡೆ ಹೊರಳಿರುತ್ತದೆ. ಇಷ್ಟೂ ನಡೆಯುವುದು ತೊಡೆಯೆಲುಬು ಬಂದು ಕೂರುವ ಕೀಲಿನಲ್ಲಿ. ಬೆನ್ನಿನ ಬುಡ ಬಗ್ಗುವುದರಲ್ಲಿ ಗಟ್ಟಿಗ, ತಿರುಗುವುದರಲ್ಲಿ ಬಲು ಜಿಪುಣ. ಗಾಲ್ಫ್ ಆಡುವವರಿಗೆ ನೋವು ಜಾಸ್ತಿ ಬರುವುದೂ ಅಲ್ಲಿಗೇ. ಹೀಗಿರುವಾಗ ‘ಸೊಂಟ ತಿರುಗಿಸು’ ಎಂದರೆ ಹುಡುಗ ಯಾವ ಸೊಂಟ ತಿರುಗಿಸಬೇಕು?

ಬೇರೆ ಪದಗಳನ್ನೂ ತೂಗಿ ನೋಡಿದೆ. ನಡು ಬಳುಕುವುದಕ್ಕೆ ಚೆಂದ, ಮತ್ತೆ ಅದು ಡಾಬಿನ ಜಾಗವೇ. ಟೊಂಕವೂ ಸೊಂಟದಷ್ಟೇ ಸಡಿಲ. ಶ್ರೋಣಿ ಎಂದು ಬರೆದರೆ ಹುಡುಗರು ಜೀವಶಾಸ್ತ್ರದ ಪರೀಕ್ಷೆ ಎಂದುಕೊಂಡಾರು. ನಿತಂಬ, ಬಿಡಿ.

ನನಗೆ ಹಿಡಿಸಿದ್ದು ಚಪ್ಪೆ. ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಾಗ ‘ಚಪ್ಪೆ ಮೂಳೆ ಹೋಯ್ತು’ ಅಂದಿದ್ದರು. ಎಕ್ಸ್‌ರೇ ನೋಡಿದ ಡಾಕ್ಟರು ತೋರಿಸಿದ್ದೂ ಅದೇ ಜಾಗ. ಕೊಡ ಕೂರುವ ಎಲುಬು, ಬೇಕಾದ ಕೀಲು, ಎರಡೂ ಅದರಲ್ಲಿ ಬರುತ್ತವೆ. ತೊಂದರೆ ಒಂದೇ. ಕರಾವಳಿಯ ಗೆಳೆಯರಿಗೆ ಚಪ್ಪೆ ಅಂದರೆ ಉಪ್ಪಿಲ್ಲದ ಸಾರು. ‘ಚಪ್ಪೆ ತಿರುಗಿಸಿ’ ಎಂದರೆ ಅವರು ಸೌಟು ಹುಡುಕುತ್ತಾರೆ.

ಕ್ರಿಯಾಪದದಲ್ಲಿ ಮಾತ್ರ ಕನ್ನಡ ಕೈಬಿಟ್ಟಿಲ್ಲ. ತಿರುಗು ಬೇರೆ, ತಿರುಚು ಬೇರೆ, ಅಲ್ವಾ? ಬಾಗಿಲು ತಿರುಗುತ್ತದೆ. ಒದ್ದೆ ಬಟ್ಟೆಯನ್ನು ಒಂದು ತುದಿ ಹಿಡಿದು ತಿರುಚುತ್ತೇವೆ. ಹಿಪ್ ತಿರುಗಬೇಕು, ಅದಕ್ಕೂ ಭುಜಕ್ಕೂ ನಡುವಿನ ಮೈ ತಿರುಚಬೇಕು. ಎತ್ತುವಾಗ ಹಿಪ್ ತಿರುಗದೆ ಸುಮ್ನೆ ಪಕ್ಕಕ್ಕೆ ಹೋದರೆ ಅದು ತಪ್ಪು, ಅದಕ್ಕೆ ‘ಜರುಗು’ ಇದೆ. ಸ್ವಿಂಗ್‌ಗೆ ‘ಬೀಸು’ ಎಂದೇ ಬರೆದಿದ್ದೇನೆ, ಕೊಡಲಿ ಬೀಸಿದ ಹಾಗೆ.

ಈಗ ನಿಮ್ಮ ಸರದಿ. ನಿಮ್ಮ ಕಡೆ ಚಪ್ಪೆ ಅಂದರೆ ಬೆರಳು ಎಲ್ಲಿಗೆ ಹೋಗುತ್ತದೆ? ಗರಡಿಯ ಒಡನಾಟ ಇರುವವರಿಗೆ ಇನ್ನೊಂದು ಕೇಳಿಕೆ. ಎದುರಾಳಿಯನ್ನು ಈ ಎಲುಬಿನ ಮೇಲೆ ಹೊತ್ತು ಮಣ್ಣಿಗೆ ಎಸೆಯುವ ಪಟ್ಟು ಕುಸ್ತಿಯಲ್ಲಿದೆ. ಅದನ್ನು ಹೇಳಿಕೊಡುವಾಗ ಉಸ್ತಾದರು ಈ ಜಾಗವನ್ನು ಏನೆನ್ನುತ್ತಾರೆ?