ಸಹಾಯ ಬೇಕು: ಅನಿಲವಿಲ್ಲದ ಕಡೆಯೂ ಅನಿಲ ತೋರಿಸುವ ಮಾದರಿ

ಭೂವಿಜ್ಞಾನ ಅಥವಾ ಯಂತ್ರಕಲಿಕೆ ಬಲ್ಲವರು ದಯವಿಟ್ಟು ನೋಡಿ.

ನಾರ್ವೆಯ ಸ್ಲೈಪ್ನರ್ ಎಂಬ ಸಮುದ್ರದ ನೈಸರ್ಗಿಕ ಅನಿಲ ಕ್ಷೇತ್ರದಲ್ಲಿ 1996ರಿಂದ ಸಮುದ್ರತಳದ ಕೆಳಗಿನ ಉತ್ಸಿರಾ ಮರಳುಗಲ್ಲಿನೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾ ಬಂದಿದ್ದಾರೆ. ಅಲ್ಲಿನ ಸೀಸ್ಮಿಕ್ ದತ್ತಾಂಶ (ನೆಲದೊಳಗೆ ಕಳಿಸಿದ ಕಂಪನಗಳ ಪ್ರತಿಫಲನದಿಂದ ಸಿಗುವ ಚಿತ್ರಗಳು) ಸಂಶೋಧಕರಿಗೆ ಮುಕ್ತವಾಗಿ ಸಿಗುತ್ತದೆ, ಅದೇ ದೊಡ್ಡ ಉಪಕಾರ. ಹೀಗೆ ತುಂಬಿದ ಅನಿಲ ಹರಡಿರುವ ಜಾಗವನ್ನು ಗುರುತಿಸಲು ಅದರಿಂದಲೇ ಒಂದು ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾದರಿಗೆ ತರಬೇತಿ ಕೊಟ್ಟಿದ್ದೇನೆ. ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಯಿತು. ಆದರೆ 1994ರ ಚಿತ್ರದಲ್ಲಿಯೂ, ಅಂದರೆ ಅನಿಲ ತುಂಬುವುದಕ್ಕೂ ಮೊದಲೇ, ಅನಿಲವಿದೆ ಎನ್ನುತ್ತಿದೆ!

ಒಂದೇ ಜಾಗದ ಅಕ್ಕಪಕ್ಕದ, ಬಹುತೇಕ ಒಂದೇ ತೆರನಾದ ಸೀಳುಚಿತ್ರಗಳನ್ನೇ (ನೆಲದ ಅಡ್ಡಕೊಯ್ತದ ಚಿತ್ರಗಳು) ತರಬೇತಿಗೂ ಪರೀಕ್ಷೆಗೂ ಹಂಚಿದ್ದು ತಪ್ಪಾಯಿತೇ? ಅಥವಾ ಮರಳುಗಲ್ಲಿನ ನಡುವಿನ ತೆಳು ಜೇಡಿಶಿಲೆ ಪದರಗಳ ಪ್ರತಿಫಲನ ಅದರ ದಾರಿ ತಪ್ಪಿಸುತ್ತಿದೆಯೇ? ಇಂಥ ಮಾದರಿಯನ್ನು ನಂಬಿ ಅನಿಲ ತುಂಬಲು ಹೊಸ ಜಾಗವನ್ನು ಆರಿಸುವುದು ಅಪಾಯ ಎಂಬುದೇ ನನ್ನ ಚಿಂತೆ. 1994ರ ಚಿತ್ರಗಳನ್ನೂ ತರಬೇತಿಗೆ ಸೇರಿಸಿ ನೋಡಿದವರಿದ್ದರೆ ಏನಾಯಿತೆಂದು ತಿಳಿಸಿ.