ಬಸುರಿಯಲ್ಲ, ನೋವೂ ಇಲ್ಲ. ಹೊಟ್ಟೆಯೊಳಗೆ ಒದ್ದ ಹಾಗೆ ಯಾಕಾಗುತ್ತೆ?

ಪ್ರಶ್ನೆ (ಡೊಂಬಿವಲಿ, ಹೆಂಗಸು, 36 ವರ್ಷ):
ನಮಸ್ಕಾರ ಡಾಕ್ಟ್ರೇ. ನನ್ನ ಚಿಕ್ಕ ಮಗನಿಗೆ ಈಗ ಮೂರು ವರ್ಷ. ಎರಡೂ ಹೆರಿಗೆ ಸಿಸೇರಿಯನ್. ಸ್ವಲ್ಪ ದಿನದಿಂದ ಹೊಕ್ಕುಳಿನ ಕೆಳಗೆ, ಎಡಕ್ಕೆ, ಮಗು ಒದ್ದ ಹಾಗೆ ಆಗುತ್ತೆ. ನೋವು ಚೂರೂ ಇಲ್ಲ. ರಾತ್ರಿ ಮಲಗಿದ ಮೇಲೆ ಜಾಸ್ತಿ. ಲೋಕಲ್ ರೈಲಿನಲ್ಲಿ ಅಪ್ಪಿತಪ್ಪಿ ಸೀಟು ಸಿಕ್ಕಿ ಕೂತಾಗಲೂ ಆಗಿದ್ದುಂಟು. ಮುಟ್ಟು ಸರಿಯಾಗಿ ಬರ್ತಿದೆ. ಕಿಟ್ ತಂದು ನೋಡಿದೆ, ಒಂದೇ ಗೆರೆ. ಅತ್ತೆ ಇದು ವಾಯು ಅಂತ ಓಮದ ಕಷಾಯ ಮಾಡಿಕೊಡ್ತಾರೆ. ನನಗೋ ಒಳಗೆ ಗಡ್ಡೆಗಿಡ್ಡೆ ಇದೆಯಾ ಅಂತ ಭಯ. ಸೋನೋಗ್ರಫಿ ಮಾಡಿಸಲಾ?

ಉತ್ತರ (ಸ್ತ್ರೀರೋಗ ತಜ್ಞೆ, ಮುಲುಂಡ್):
ಅತ್ತೆಯವರ ಮಾತು ತಳ್ಳಿಹಾಕಬೇಡಿ, ನಾನೂ ಅಲ್ಲಿಂದಲೇ ಶುರು ಮಾಡೋದು. ನಮ್ಮ ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು ಒಂದೂವರೆ ಮೀಟರ್. ಇವು ಹಗಲೂ ರಾತ್ರಿ ಹಿಂಡುತ್ತಾ ಸಡಿಲವಾಗುತ್ತಾ ಇರುತ್ತವೆ. ಸಣ್ಣ ಕರುಳಿನ ಮೊದಲ ಭಾಗ ನಿಮಿಷಕ್ಕೆ ಸುಮಾರು 12 ಸಲ ಹಿಂಡಬಲ್ಲದು. ನೀವು ತೋರಿಸುತ್ತಿರುವ ಎಡಗಡೆಯ ಜಾಗದಲ್ಲಿ ದೊಡ್ಡ ಕರುಳಿನ ಕೊನೆಯ ತಿರುವು ಇದೆ. ಮಲವೂ ಗಾಳಿಯೂ ಬಂದು ನಿಲ್ಲೋದು ಅಲ್ಲೇ. ಊಟ ಆದ ಮೇಲೆ ದೊಡ್ಡ ಕರುಳು ಇನ್ನೂ ಚುರುಕಾಗುತ್ತೆ. ಆಫೀಸು ಮುಗಿಸಿ, ಮನೆಗೆ ಬಂದು, ಒಂಬತ್ತೂವರೆಗೆ ಊಟ ಮಾಡಿ ಮಲಗುವವರಿಗೆ ಇದೆಲ್ಲ ಹಾಸಿಗೆಯಲ್ಲೇ ಗೊತ್ತಾಗೋದು. ಹಗಲಲ್ಲಿ ಆಗುತ್ತಿರಲಿಲ್ಲ ಅಂತಲ್ಲ, ಗಮನ ಕೊಡೋಕೆ ಪುರುಸೊತ್ತು ಇರಲಿಲ್ಲ ಅಷ್ಟೇ.

ಮುಂದಿನ ಸಲ ಆದಾಗ ದೀಪ ಹಾಕಿ ನೋಡಿ. ಚರ್ಮದ ಮೇಲೇ ಪಟಪಟ ಅಂತ ಅದುರುವುದು ಕಂಡರೆ ಅದು ಹೊಟ್ಟೆಯ ಗೋಡೆಯ ಸ್ನಾಯು; ಕಣ್ಣಿನ ರೆಪ್ಪೆ ಅದುರುವ ಜಾತಿಯದೇ. ನಿದ್ದೆ ಕೆಟ್ಟಾಗ, ಚಹಾ ಕಾಫಿ ಮಿತಿಮೀರಿದಾಗ ಜಾಸ್ತಿ. ಹೊಕ್ಕುಳಿನ ಹತ್ತಿರ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಮಣಿಕಟ್ಟಿನ ನಾಡಿ ಹಿಡಿದು ಹೋಲಿಸಿ. ಎರಡೂ ಕೂಡಿ ಬಂದರೆ ಅದು ಮಹಾಧಮನಿಯ, ಅಂದರೆ ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳದ ಬಡಿತ, ತೆಳ್ಳಗಿರುವವರಿಗೆ ಅಂಗಾತ ಮಲಗಿದಾಗ ಗೊತ್ತಾಗುತ್ತೆ.

ಇನ್ನೊಂದು ವಿಷಯ. ಹೆತ್ತವರು ವರ್ಷಗಳ ನಂತರವೂ ಮಗು ಒದ್ದ ಹಾಗಾಯ್ತು ಅನ್ನೋದನ್ನ ನಾನು ಬಹಳ ಕೇಳಿದ್ದೇನೆ. ಹೇಳಿದರೆ ನಗ್ತಾರೆ ಅಂತ ಎಷ್ಟೋ ಜನ ಗಂಡನಿಗೂ ಹೇಳಿರುವುದಿಲ್ಲ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 197 ತಾಯಂದಿರ ಪೈಕಿ ಸುಮಾರು ಶೇಕಡಾ 40 ಮಂದಿ ತಮಗೂ ಹೀಗಾಗಿದೆ ಎಂದಿದ್ದರು. ಕಾರಣ ಇನ್ನೂ ಖಚಿತವಾಗಿಲ್ಲ. ಕರುಳಿನ ಸಾಮಾನ್ಯ ಚಲನೆಯನ್ನೇ ಬಸುರಿನ ನೆನಪಿಟ್ಟುಕೊಂಡ ಮಿದುಳು ಒದೆತ ಅಂತ ಓದಿಕೊಳ್ಳುತ್ತಿರಬಹುದು.

ಗಡ್ಡೆಯ ಭಯಕ್ಕೆ: ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಗಡ್ಡೆ, ಒದೆಯುವುದಿಲ್ಲ. ಅದು ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ, ಕೆಳಹೊಟ್ಟೆ ಭಾರ, ಪದೇ ಪದೇ ಮೂತ್ರ ಅಂತ ತೋರಿಸಿಕೊಳ್ಳುತ್ತೆ, ಇಲ್ಲವೇ ಸುಮ್ಮನೆ ಕೂತಿರುತ್ತೆ. ನೀವು ಹೇಳಿದ್ದಷ್ಟಕ್ಕೇ ಸೋನೋಗ್ರಫಿ ಬೇಡ. ಆದರೆ ಹೊಟ್ಟೆ ಎರಡು ಮೂರು ವಾರ ದಿನವೂ ಉಬ್ಬಿಕೊಂಡೇ ಇದ್ದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ತೋರಿಸಿ. ಐವತ್ತು ದಾಟಿದವರು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡವರು ಇದನ್ನ ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಯಾಕೆಂದರೆ ಅಂಡಾಶಯದ ಕ್ಯಾನ್ಸರ್ ಶುರುವಿನಲ್ಲಿ ನೋಯದೆಯೂ ಇರಬಹುದು. ಮುಟ್ಟು ತಡವಾದರೆ ಬೆಳಗಿನ ಮೊದಲ ಮೂತ್ರದಲ್ಲಿ ಕಿಟ್ ಮತ್ತೊಮ್ಮೆ ನೋಡಿ.

ಅದೇ ಸದಸ್ಯೆ:
ಈಗ ಜೀವ ಬಂತು ಡಾಕ್ಟ್ರೇ. ಒಂದು ಕೇಳೋಕೆ ಬಿಟ್ಟುಹೋಯ್ತು. ಸೀರೆ ನೆರಿಗೆ ಸಿಕ್ಕಿಸೋ ಜಾಗದಲ್ಲಿ, ಹೊಲಿಗೆಯ ಮೇಲ್ಗಡೆ, ಇನ್ನೂ ಜೋಮು ಹಿಡಿದ ಹಾಗೇ ಇದೆ. ಮುಟ್ಟಿದರೆ ನನ್ನ ಚರ್ಮ ಅಲ್ಲವೇನೋ ಅನ್ನಿಸುತ್ತೆ.

ಉತ್ತರ:
ಕೊಯ್ಯುವಾಗ ಚರ್ಮದ ಸಣ್ಣ ನರಗಳು ತುಂಡಾಗುತ್ತವೆ. ಸ್ಪರ್ಶ ಕೆಲವರಿಗೆ ತಿಂಗಳುಗಳಲ್ಲಿ ಮರಳುತ್ತೆ, ಕೆಲವರಿಗೆ ಒಂದು ಪಟ್ಟಿ ಹಾಗೇ ಉಳಿಯುತ್ತೆ. ತೊಂದರೆಯಿಲ್ಲ. ಹೊಲಿಗೆಯ ಕೆಳಗೆ ಗಂಟು ಸಿಕ್ಕಿ, ಅದು ಮುಟ್ಟಿನ ದಿನಗಳಲ್ಲಿ ನೋಯುತ್ತಿದ್ದರೆ ಮಾತ್ರ ಬನ್ನಿ. ಗರ್ಭಕೋಶದ ಒಳಪದರದಂಥ ಅಂಗಾಂಶ ಕೆಲವೊಮ್ಮೆ ಹೊಲಿಗೆಯಲ್ಲಿ ಬೆಳೆಯೋದುಂಟು.

ಇನ್ನೊಬ್ಬ ಸದಸ್ಯರು (ವಾಶಿ, ಗಂಡಸು, 58 ವರ್ಷ):
ಗಂಡಸರೂ ಕೇಳಬಹುದಾ ಮೇಡಂ? ಗಣಪತಿ ಮಂಟಪದ ಸಾಮಾನು ಎತ್ತಿದಾಗಿನಿಂದ ಬಲ ತೊಡೆಸಂದಿಯ ಮೇಲೆ ಏನೋ ಜಾರಿ ಬಂದ ಹಾಗಾಗುತ್ತೆ. ನಿಂತರೆ, ಕೆಮ್ಮಿದರೆ ನಿಂಬೆಹಣ್ಣಿನಷ್ಟು ಉಬ್ಬು, ಮಲಗಿದರೆ ಮಾಯ. ನೋವಿಲ್ಲ, ಹಾಗಾಗಿ ಬಿಟ್ಟಿದ್ದೇನೆ.

ಉತ್ತರ:
ಧಾರಾಳವಾಗಿ ಕೇಳಿ ಅಣ್ಣ. ಡೊಂಬಿವಲಿಯವರಿಗೆ ಈಗಲೇ ಸೋನೋಗ್ರಫಿ ಬೇಡ ಅಂದೆ, ನಿಮಗೆ ಹಾಗೆ ಕಾಯಿರಿ ಅನ್ನಲಾರೆ. ಇದು ಕೇಳಿದರೆ ಹರ್ನಿಯಾ ಇದ್ದ ಹಾಗಿದೆ. ಹೊಟ್ಟೆಯ ಗೋಡೆ ಸಡಿಲವಾದ ಕಡೆಯಿಂದ ಕರುಳೋ ಕೊಬ್ಬೋ ಹೊರಗೆ ಇಣುಕುತ್ತೆ. ಔಷಧಿಗೆ, ಕಷಾಯಕ್ಕೆ ಇದು ಮುಚ್ಚಿಕೊಳ್ಳುವುದಿಲ್ಲ. ಜನರಲ್ ಸರ್ಜನ್‌ಗೆ ತೋರಿಸಿ. ಖಾಸಗಿ ಖರ್ಚು ಭಾರ ಅನ್ನಿಸಿದರೆ ಮುಂಬೈ ಮಹಾನಗರ ಪಾಲಿಕೆಯ ಸಯನ್, ಕೆಇಎಂ ಆಸ್ಪತ್ರೆಗಳ ಸರ್ಜರಿ ಓಪಿಡಿ ಇದೆ. ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ ನಿಂತು, ನೋವು ಅಥವಾ ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಒತ್ತಿ ಒಳಗೆ ತಳ್ಳಲೂ ಹೋಗಬೇಡಿ. ಆ ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ. ಕರುಳಿಗೆ ರಕ್ತ ನಿಂತರೆ ಕೈಯಲ್ಲಿ ಉಳಿಯೋದು ಕೆಲವೇ ಗಂಟೆ. ಸರ್ಜನ್ ನೋಡುವ ತನಕ ಭಾರ ಎತ್ತಬೇಡಿ, ಮೆಡಿಕಲ್‌ನವರು ಕೊಡುವ ಬೆಲ್ಟನ್ನು ನೀವೇ ತಂದು ಬಿಗಿದುಕೊಳ್ಳಬೇಡಿ.